ಗಿರಣಿ ಶಂಕ್ರವ್ವ ಸಮುದ್ರಕ್ಕೆ ಹೋದದ್ದು

ನಮ್ಮ ಶಂಕ್ರವ್ವ ಅತ್ತೆಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಶಿರಹಟ್ಟಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತು ನನ್ನನ್ನು "ಚಾ ಕುಡೀತೀ ಏನಬೇ?" ಎಂದು ಕೇಳಿದರೆ, ಎದುರು ಸಾಲಿನ ಕಟ್ಟೆಯವರು "ನಮ್ಮದು ಈಗ ಆತ್ರೀ" ಎಂದು ಉತ್ತರ ಕೊಡುತ್ತಿದ್ದರು. ಅವಳಿಗೆ ಸಿಟ್ಟೂ ಇರಲಿಲ್ಲ, ಸೊಕ್ಕೂ ಇರಲಿಲ್ಲ. ಮದುವೆಯಾಗಿ ಬಂದಂದಿನಿಂದ ಹಿಟ್ಟಿನ ಗಿರಣಿಯಲ್ಲೇ ಬಾಳಿದವಳು. ಮೋಟಾರಿನ ಗದ್ದಲ ದಾಟಿ ಗಿರಾಕಿಯ ಕಿವಿ ಮುಟ್ಟಲು ಎಷ್ಟು ದನಿ ಬೇಕೋ ಅಷ್ಟನ್ನು ಅವಳ ಗಂಟಲು ಕಲಿತಿತ್ತು. ಕಡಿಮೆ ಮಾಡುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಒಮ್ಮೆ ಲಕ್ಷ್ಮೇಶ್ವರದ ನಮ್ಮ ಬೀಗರಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಮಾತಾಡಿಸಲು ಹೋದ ಅತ್ತೆ, ಬಾಗಿಲಲ್ಲೇ ನಿಂತು "ಅಳಬ್ಯಾಡ್ರೀ!" ಎಂದಳು. ಅಷ್ಟೂ ಮಂದಿ ಬೆಚ್ಚಿಬಿದ್ದು ಅಳು ನಿಲ್ಲಿಸಿದರು. ಮತ್ತೆ ಶುರುಮಾಡಲು ಯಾರಿಗೂ ಧೈರ್ಯ ಬರಲಿಲ್ಲ.

ಅತ್ತೆ ನನ್ನ ಅಪ್ಪನ ಅಕ್ಕ. ಸೂಟಿಯಲ್ಲಿ ನಾವು ಮಕ್ಕಳೆಲ್ಲ ಗಿರಣಿಗೆ ಹೋದಾಗ ಅವಳ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಹಿಟ್ಟು ಕೂತು ಬೆಳ್ಳಗಿರುತ್ತಿದ್ದವು. ಅತ್ತೆ ಬಹಳ ಮುದುಕಿ ಎಂದೇ ನಾನು ತಿಳಿದಿದ್ದೆ. ಅಮಾವಾಸ್ಯೆಗೆ ಗಿರಣಿ ಬಂದ್ ಇಟ್ಟು ಎರೆದುಕೊಂಡು ಬಂದಳೆಂದರೆ ಕರೀ ಹುಬ್ಬಿನ ಚೆಂದದ ಹೆಂಗಸೊಬ್ಬಳು ನಮ್ಮೆದುರಿಗೆ ನಿಂತಿರುತ್ತಿದ್ದಳು. ಮರುದಿನ ಮತ್ತೆ ಮುದುಕಿ.

ಮಾಮಾ, ಅಂದರೆ ಅವಳ ಗಂಡ ಕಲ್ಲಪ್ಪ, ಇದಕ್ಕೆ ತದ್ವಿರುದ್ಧ. ಮಾತೇ ಇಲ್ಲದ ಮನುಷ್ಯ. ಗಿರಣಿಯ ಗದ್ದಲದಲ್ಲಿ ಅವರದು ಬರೀ ಕೈಸನ್ನೆ. ಅಂಗೈ ಅಗಲ ಮಾಡಿ ತೋರಿಸಿದರೆ ರೊಟ್ಟಿಗೆ ಸಣ್ಣ ಹಿಟ್ಟು, ಬೆರಳು ತಿಕ್ಕಿ ತೋರಿಸಿದರೆ ನುಚ್ಚು. ಗಿರಾಕಿಗಳೂ ಹಾಗೇ ಕೈ ಮಾಡಿ ಚೀಲ ಇಟ್ಟು ಹೋಗುತ್ತಿದ್ದರು. ಮನೆಗೆ ಬಂದ ಮೇಲೂ ಮಾಮಾ ಏನು ಕೇಳಿದರೂ "ಹೂಂ, ಆತು" ಎನ್ನುತ್ತಿದ್ದರು, ಅಷ್ಟೇ. "ನಮ್ಮ ಮನ್ಯಾಗ ಇಬ್ಬರದೂ ಮಾತು ನಾನ ಆಡಬೇಕವ್ವ" ಎಂದು ಅತ್ತೆ ಊರಿಗೆಲ್ಲ ಕೇಳುವಂತೆ ಗುಟ್ಟು ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ಗಿರಣಿಯ ಮೋಟಾರು ಸುಟ್ಟಿತು. ಹುಬ್ಬಳ್ಳಿಗೆ ಕಳಿಸಿದ್ದರು, ಬರಲು ವಾರವಾಗುತ್ತದೆ ಎಂದಿದ್ದರು. ನಾನು ಮುಂಡರಗಿಯಲ್ಲಿ ಶಾಲಾ ಶಿಕ್ಷಕಿ. ಆ ವಾರವೇ ನನ್ನ ಗಂಡ ಮಹೇಶ ಹೊನ್ನಾವರದ ಹತ್ತಿರ ಒಂದು ವಿಲ್ಲಾ ಗೊತ್ತುಮಾಡಿದ್ದ. ಹಿಂದೆ ಘಟ್ಟ, ಮುಂದೆ ಸಮುದ್ರ, ನಡುವೆ ಗಾಜಿನ ಮನೆ, ಸ್ವಂತ ಈಜುಕೊಳ. ಮಲಗುವ ಕೋಣೆ ಎರಡಿದ್ದವು. ಗಿರಣಿ ನಿಂತದ್ದು ತಿಳಿದು ನಾನು ಅತ್ತೆಯನ್ನು ಕರೆಯಲು ಹೋದೆ.

"ಅಲ್ಲೇನೈತಿ? ದೇವರ?" ಎಂದಳು.

"ದೇವರಿಲ್ಲ ಅತ್ತಿ. ಸುಮ್ಮ ಕುಂತು ಬರೂದು."

"ಸುಮ್ಮ ಕುಂಡ್ರಾಕ ಅಷ್ಟು ದೂರ ಯಾಕ ಹೋಗಬೇಕಬೇ? ಸುಮ್ಮ ಕುಂತಾವ್ರು ನಮ್ಮ ಓಣ್ಯಾಗ ಏನ್ ಕಡಿಮಿ ಅದಾರ?"

ಕೊನೆಗೆ ಅವಳ ಹೆಣ್ಣುಮಕ್ಕಳಿಬ್ಬರೂ ಸೇರಿ ಇಬ್ಬರನ್ನೂ ನಮ್ಮ ಕಾರಿಗೆ ಹತ್ತಿಸಿದರು. ಅತ್ತೆಯ ಜತೆ ಕಟಕು ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿಯ ಡಬ್ಬಿ, ಗುರೆಳ್ಳು ಚಟ್ನಿಪುಡಿಯ ಡಬ್ಬಿ ಮತ್ತು ಜೋಳದ ಹಿಟ್ಟಿನ ಚೀಲವೂ ಹತ್ತಿದವು. ಘಟ್ಟ ಇಳಿಯುವಾಗ ಮಹೇಶ ಕಾರು ನಿಲ್ಲಿಸಿ "ನೋಡ್ರಿ ಅತ್ತಿ, ಎಂಥಾ ಗುಡ್ಡ" ಎಂದ. ಅತ್ತೆ ಕಿಟಕಿಯಿಂದ ಇಣುಕಿ ಬಹಳ ಹೊತ್ತು ನೋಡಿದಳು. "ಗುಡ್ಡ ಎಲ್ಲೈತಿ? ಬರೇ ಗಿಡ ಕಾಣ್ತಾವು. ನಮ್ಮ ಕಪ್ಪತಗುಡ್ಡ ಆದ್ರ ಗುಡ್ಡ ಗುಡ್ಡಿನಂಗ ಕಾಣತೈತಿ" ಎಂದು ತೀರ್ಪು ಕೊಟ್ಟಳು.

ಸಮುದ್ರದ ಮುಂದೆ ಮಾತ್ರ ಅವಳ ತೀರ್ಪು ನಡೆಯಲಿಲ್ಲ. ಸೆರಗು ಬಿಗಿ ಹಿಡಿದು ನಿಂತುಬಿಟ್ಟಳು. "ಹಮ್ಮಿಗಿ ಹೊಳಿ ತುಂಬಿ ಬಂದಾಗ ನೋಡೀನಿ. ಅದಕ್ಕ ಆಚಿ ದಂಡಿ ಇರತೈತಿ. ಇದಕ್ಕ ಆಚಿ ದಂಡಿನ ಇಲ್ಲಲ್ಲಬೇ!"

ವಿಲ್ಲಾದಲ್ಲಿ ನಮ್ಮನ್ನು ನೋಡಿಕೊಳ್ಳುವವನು ಗಣಪತಿ ಎಂಬ ಅಲ್ಲಿಯವನೇ ಆದ ಸಭ್ಯ ಮನುಷ್ಯ. ಹಾಸಿಗೆಯ ಮೇಲೆ ಟವೆಲ್ಲನ್ನು ಮಡಚಿ ಜೋಡಿ ಬಾತುಕೋಳಿ ಮಾಡಿಟ್ಟಿದ್ದ. ಅತ್ತೆಗೆ ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಇದ್ದಷ್ಟು ದಿನವೂ ತನ್ನ ಹಳೆಯ ಸೀರೆಯ ತುಂಡಿನಲ್ಲೇ ಮೈ ಒರೆಸಿಕೊಂಡಳು. ಬಾತುಕೋಳಿಗಳನ್ನು ಎತ್ತಿ ಕಪಾಟಿನ ಮೇಲೆ ಕೂರಿಸಿದಳು. ಬಚ್ಚಲಿಗೆ ಗಾಜಿನ ಗೋಡೆ. ಅದಕ್ಕೆ ಇಳಕಲ್ ಸೀರೆ ಕಟ್ಟಿ, "ಇಷ್ಟು ದೊಡ್ಡ ಮನಿ ಕಟ್ಯಾರ, ಒಂದ್ ಗ್ವಾಡಿಗೆ ಇಟ್ಟಂಗಿ ಸಾಲಲಿಲ್ಲೇನು?" ಎಂದಳು. ಈಜುಕೊಳದ ಅಂಚು ಕಾಣದಂತೆ ಸಮುದ್ರಕ್ಕೇ ಕೂಡಿದ ಹಾಗೆ ಕಟ್ಟಿದ್ದರು. ಗಣಪತಿ ಅದರ ಹೆಚ್ಚುಗಾರಿಕೆ ವಿವರಿಸಿದ. ಅತ್ತೆ ಪೂರ್ತಿ ಕೇಳಿ, "ಅಲ್ಲೋ ತಮ್ಮಾ, ಎದುರಿಗೆ ಸಮುದ್ರನ ಐತಿ, ಮತ್ತೊಂದು ಹೊಂಡ ಯಾಕ?" ಎಂದಳು. ಪಾಪ, ಗಣಪತಿ ಇಷ್ಟು ವರ್ಷ ಅಲ್ಲಿ ಕೆಲಸ ಮಾಡಿದ್ದರೂ ಆ ಪ್ರಶ್ನೆ ಅವನಿಗೆ ಹೊಳೆದಿರಲಿಲ್ಲ.

ಈ ಮಾತುಗಳೆಲ್ಲ ಅತ್ತೆಯ ಗಿರಣಿ ದನಿಯಲ್ಲೇ ನಡೆದವು ಎಂದು ಬೇರೆ ಹೇಳಬೇಕಾಗಿಲ್ಲ. ಮರುದಿನ ಬೆಳಗ್ಗೆ ಗಣಪತಿ ಚಹಾದ ತಟ್ಟೆ ಹಿಡಿದು ಬಂದವನು ಹೋಗದೆ ನಿಂತ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಪಕ್ಕದ ವಿಲ್ಲಾದಾಗೆ ಪುಣೆಯಿಂದ ಒಬ್ರು ಮರಾಠಿ ಬಾಯಿ, ವಯಸ್ಸಾದ ಹೆಂಗಸು, ಬಂದಿದ್ದಾರೆ. ಶಾಂತಿ ಬೇಕು ಅಂತ ಬಂದವರು. ಸ್ವಲ್ಪ ಮೆಲ್ಲಗೆ ಮಾತಾಡಿದ್ರೆ..."

ಮಹೇಶನ ಮುಖ ಕೆಂಪಾಯಿತು. ಆದರೆ ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. "ಮಂದಿ ಮನಿಗೆ ಬಂದ ಮ್ಯಾಲ ಮಂದಿ ರೀತಿ" ಎಂದು ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದಳು. ಆ ಇಡೀ ದಿನ ಅವಳು ಪಿಸುಗುಟ್ಟಿದಳು. ಆ ದನಿಯನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಸಣ್ಣ ಹುಡುಗಿಯ ದನಿಯಂತೆ ತೆಳ್ಳಗಿತ್ತು, ಸ್ವಲ್ಪ ನಡುಗುತ್ತಿತ್ತು. ಮಾಮಾ ಮಾತ್ರ ಆ ದಿನ ಅವಳತ್ತ ತಿರುಗಿಯೂ ನೋಡಲಿಲ್ಲ. ಬಿದಿರಿನ ಆರಾಮ ಕುರ್ಚಿಯಲ್ಲಿ ಕೂತು ನಗುಮುಖದಿಂದ ಸಮುದ್ರ ನೋಡುತ್ತಿದ್ದರು. "ನಿಮ್ಮ ಮಾಮಾಗ ಏನೋ ಸಿಟ್ಟು ಬಂದೈತಿ" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು.

ಸಂಜೆ ಅತ್ತೆ ಮಾಮಾನ ಪಕ್ಕ ಹೋಗಿ ಕೂತಳು. ನಾನು ಸ್ವಲ್ಪ ದೂರದಲ್ಲಿ ಕೊಳಕ್ಕೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದೆ. ಸೂರ್ಯ ಮುಳುಗುತ್ತಿದ್ದ. ಅತ್ತೆ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಅವರ ಮೊಣಕೈ ಮುಟ್ಟಿ, ಅದೇ ತೆಳ್ಳನೆಯ ದನಿಯಲ್ಲಿ ಹೇಳಿದಳು:

"ರೀ, ಗಿರಣಿ ಮುಚ್ಚೂಣೇನ್ರಿ? ನನಗ ಸಾಕಾಗೇತಿ. ಚೀಲ ಎತ್ತಿದ್ರ ಎದಿ ಹಿಡಿತೈತಿ. ನಿಮ್ಮ ಅಪ್ಪ ಕಟ್ಟಿದ್ದು ಅಂತ ಇಷ್ಟ ದಿನಾ ಅನ್ನಲಿಲ್ಲ."

ಮಾಮಾ ಸಮುದ್ರ ನೋಡುತ್ತಲೇ "ಹೂಂ, ಆತು" ಎಂದರು.

ಅತ್ತೆ ನನ್ನತ್ತ ತಿರುಗಿದಳು. ಅವಳ ಕಣ್ಣು ತುಂಬಿದ್ದವು. ಎಷ್ಟೋ ವರ್ಷ ಹೇಳಲು ಹೆದರಿದ ಮಾತು ಹೂವು ಎತ್ತಿದಷ್ಟು ಹಗುರವಾಗಿ ಮುಗಿದುಹೋಗಿತ್ತು. ಅಂದು ಊಟಕ್ಕೆ ಅವಳೇ ಅಡುಗೆಮನೆ ಹೊಕ್ಕು ಬಿಸಿ ರೊಟ್ಟಿ ಬಡಿದಳು. ರೊಟ್ಟಿ ಬಡಿಯುವ ಸಪ್ಪಳವೂ ಪುಣೆಯ ಬಾಯಿಗೆ ಕೇಳಬಾರದೆಂದು ಕಲ್ಲಿನ ಕಟ್ಟೆಯ ಮೇಲೆ ದುಪ್ಪಟಿ ಮಡಚಿ ಹಾಕಿದ್ದಳು.

ಮರುದಿನ ಬೆಳಗ್ಗೆ ತಿಂಡಿಗೆ ಕೂತಿದ್ದಾಗ ಮಾಮಾ ತಾವಾಗಿಯೇ ಮಾತು ತೆಗೆದರು. ಅದೇ ಒಂದು ಆಶ್ಚರ್ಯ. ಮಹೇಶನಿಗೆ ಹೇಳಿದರು: "ಮೋಟರ್ ಬಂದ ಕೂಡ್ಲೆ ಹೊಸಾ ಪಟ್ಟಾ ಹಾಕಸ್ತೀನಿ. ಖಾರಪುಡಿ ಬೀಸೂದೂ ಒಂದು ಮಷೀನ್ ಕೂಡಸಬೇಕಂತ ಅದೀನಿ."

ಅತ್ತೆಯ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. "ನಿನ್ನಿ ಮುಚ್ಚೂಣು ಅಂದ್ರ ಹೂಂ ಅಂದ್ರಲ್ರಿ?" ಎಂದಳು, ಪಿಸುದನಿಯಲ್ಲೇ.

ಮಾಮಾ ನಕ್ಕು "ಹೂಂ, ಆತು" ಎಂದರು.

"ಏನ್ ಆತು?"

"ಹೂಂ, ಆತು."

ಮಹೇಶ ಮೆಲ್ಲಗೆ ಎದ್ದು ಮಾಮಾನ ಬೆನ್ನ ಹಿಂದೆ ಹೋಗಿ ನಿಂತು ಚಪ್ಪಾಳೆ ತಟ್ಟಿದ. ಮಾಮಾ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದರು, ಚಮಚ ಅಲುಗಲಿಲ್ಲ. ಮತ್ತೆ ತಟ್ಟಿದ. ಇಲ್ಲ. ನಮ್ಮ ಮುಖ ನೋಡಿ ಮಾಮಾಗೆ ಏನೋ ತಿಳಿಯಿತು. ಹಿಂದೆ ತಿರುಗಿ ಮಹೇಶನ ಕೈ ನೋಡಿದರು. ಚಮಚ ಕೆಳಗಿಟ್ಟರು.

"ಕೇಳಂಗಿಲ್ಲ ನನಗ" ಎಂದರು. "ದೊಡ್ಡ ಮಗಳ ಮದಿವ್ಯಾದಾಗಿಂದ ಕಡಿಮಿ ಆಕ್ಕೋಂತ ಬಂತು. ಗಿರಣ್ಯಾಗ ಕೈ ಮಾಡಿದ್ರ ನಡೀತೈತಿ. ಮನ್ಯಾಗ ನಿನ್ನ ಮಾತು ಕೇಳತಿತ್ತಲ್ಲ. ಅಷ್ಟ ಸಾಕಾಗಿತ್ತು. ನಿನ್ನಿಯಿಂದ ನಿನ್ನದೂ ಕೇಳವಲ್ದು. ಪೂರಾ ಹೋತು ಅಂತ ಹೆದರಿದ್ನಿ."

ಅತ್ತೆ ಅವರ ಮುಖವನ್ನೇ ನೋಡಿದಳು. ನನಗೆ ಅಳು ಬಂದಿತ್ತು; ಅವಳೂ ಅಳುತ್ತಾಳೆ ಎಂದುಕೊಂಡೆ. ಅವಳು ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಗಿಸಿದಳು. ಘಟ್ಟದ ಕಡೆಯ ಹಕ್ಕಿಗಳೆಲ್ಲ ಹಾರುವ ಹಾಗೆ ಕೂಗಿದಳು:

"ಗಿರಣಿ ಮುಚ್ಚೂಣೇನ್ರೀ ಅಂತ ಕೇಳಿದ್ನೀ!"

ಮಾಮಾನ ಮುಖ ಅರಳಿತು. ಕೇಳಿಸಿತ್ತು! ಮೊದಲು ಕೇಳಿಸಿದ್ದಕ್ಕೆ ಹಿಗ್ಗಿದರು; ಕೇಳಿಸಿದ್ದೇನೆಂದು ತಿಳಿದು ಗಂಭೀರರಾದರು.

"ಯಾಕ?"

"ಎದಿ ಹಿಡಿತೈತ್ರೀ! ಚೀಲ ಎತ್ತಾಕ ಆಗವಲ್ದೂ!"

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?"

"ನೀವು ಯಾಕ ಹೇಳಲಿಲ್ಲ? ಕಿವಿ ಕೇಳಂಗಿಲ್ಲಂತ!"

ಅಷ್ಟರಲ್ಲಿ ಪಕ್ಕದ ಬೇಲಿಯಾಚೆ ಪುಣೆಯ ಬಾಯಿ ಪ್ರತ್ಯಕ್ಷರಾದರು. ಬೆಳ್ಳಿಕೂದಲು, ಬಿಳಿ ಸಲ್ವಾರು, ಕೈಯಲ್ಲಿ ಯೋಗದ ಚಾಪೆ. ಹಿಂದೆ ಗಣಪತಿ ಕೈ ಹೊಸೆಯುತ್ತ ನಿಂತಿದ್ದ. ಅತ್ತೆ ಅದೇ ದನಿಯಲ್ಲಿ ಅವರ ಕಡೆ ತಿರುಗಿ, ಜಾತ್ರೆ ಸಂತೆಗಳಲ್ಲಿ ಕಲಿತ ತನ್ನ ಮರಾಠಿಯನ್ನು ಕನ್ನಡಕ್ಕೆ ಬೆರೆಸಿ ಹೇಳಿದಳು: "ಬಾಯೀ, ಆಮ್ಚೇ ಮಾಲಕ ಬಹಿರೇ ಆಹೇತ! ನಮ್ಮ ಯಜಮಾನ್ರಿಗೆ ಕಿವಿ ಕೇಳಂಗಿಲ್ಲ! ಮೆಲ್ಲಕ ಅಂದ್ರ ಅವ್ರಿಗೆ ಹೆಂಗ ಮುಟ್ಟಬೇಕು? ನೀವ ಹೇಳ್ರಿ!"

ಬಾಯಿ ಮಾಮಾನನ್ನು ನೋಡಿದರು, ಅತ್ತೆಯನ್ನು ನೋಡಿದರು. ಚಾಪೆ ಬೇಲಿಗೆ ಒರಗಿಸಿ ನಮ್ಮ ಅಂಗಳಕ್ಕೇ ಬಂದು ಕೂತರು. "ಬೋಲಾ, ಬೋಲಾ" ಎಂದರು, ಮಾತಾಡಿ, ಮಾತಾಡಿ ಎಂದು. ಗಂಡ ಹೆಂಡತಿಯ ಜಗಳ ಮುಗಿಯುವವರೆಗೂ ಕೂತಿದ್ದರು. ಭಾಷೆ ತಿಳಿಯದಿದ್ದರೂ ಸರಿಯಾದ ಜಾಗಗಳಲ್ಲೇ ತಲೆಯಾಡಿಸುತ್ತಿದ್ದರು. ಹೋಗುವಾಗ ಶೇಂಗಾ ಚಟ್ನಿಯ ಡಬ್ಬಿಯನ್ನು ಒಯ್ದರು. ಶಾಂತಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಜಗಳ ಹೀಗೆ ತೀರ್ಮಾನವಾಯಿತು. ಮಾಮಾ ಗಿರಣಿ ಪೂರ್ತಿ ಮುಚ್ಚಲು ಒಪ್ಪಲಿಲ್ಲ, ಆದರೆ ಮಧ್ಯಾಹ್ನದ ಮೇಲೆ ತೆರೆಯುವುದಿಲ್ಲ ಎಂದರು. ಚೀಲ ಎತ್ತಲು ಆಳು ಇಡುವುದು ಎಂದರು. ಖಾರದ ಮಷೀನಿನ ಆಸೆ ಬಿಟ್ಟರು. ಅತ್ತೆ ತನ್ನ ಎದೆಯನ್ನು ಡಾಕ್ಟರರಿಗೆ ತೋರಿಸುವುದು, ಮಾಮಾ ತಮ್ಮ ಕಿವಿಯನ್ನು ತೋರಿಸುವುದು. ಉಳಿದ ಹೊತ್ತೆಲ್ಲ ಇಬ್ಬರೂ ದಂಡೆಯ ಮೇಲೆ ಕೂತಿದ್ದರು. ಅವಳು ಕೂಗುವುದು, ಅವರು ನಗುವುದು. ಮೀನುಗಾರರು ಬಲೆ ಬಿಟ್ಟು ನಿಂತು ಕೇಳುತ್ತಿದ್ದರು.

ಊರಿಗೆ ಬಂದ ಮೇಲೆ ಹುಬ್ಬಳ್ಳಿಯಲ್ಲಿ ಮಾಮಾಗೆ ಕಿವಿಯ ಮಷೀನ್ ಹಾಕಿಸಿದೆವು. ಡಾಕ್ಟರು ಅದನ್ನು ಚಾಲೂ ಮಾಡಿದಾಗ ಅತ್ತೆ ಆಸೆಯಿಂದ ಬಾಗಿ "ಈಗ ಕೇಳತೈತೇನ್ರೀ?" ಎಂದಳು. ಮಾಮಾ ಕುರ್ಚಿಯಿಂದ ಹಾರಿ ಎದ್ದು ಎರಡೂ ಕಿವಿ ಮುಚ್ಚಿಕೊಂಡರು. "ನೀ ಇಷ್ಟ ಜೋರ್ಲೆ ಮಾತಾಡ್ತಿದ್ದೇನ?" ಎಂದು ಕೇಳಿದರು. ಸಂಸಾರ ಹೂಡಿ ಇಷ್ಟು ಕಾಲವಾದ ಮೇಲೆ ಗಂಡ ಆ ಮಾತು ಕೇಳಿದನಲ್ಲ ಎಂದು ಅತ್ತೆ ನಾಚಿಕೊಂಡಳು. ಅವಳು ನಾಚಿದ್ದನ್ನೂ ನಾನು ನೋಡಿದ್ದು ಅದೇ ಮೊದಲು.

ಎದೆಯ ನೋವಿಗೆ ಔಷಧ ನಡೆದಿತ್ತು. ಮಧ್ಯಾಹ್ನ ಗಿರಣಿ ಬಂದ್ ಆದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂರುತ್ತಿದ್ದರು. ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅತ್ತೆ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಹಾಗೇ ಗೋಡೆಗೆ ಒರಗಿದಳಂತೆ. ನಾನು ಮುಂಡರಗಿಯಿಂದ ಹೋಗಿ ಮುಟ್ಟುವ ಹೊತ್ತಿಗೆ ಓಣಿಯ ಮಂದಿಯೆಲ್ಲ ಸೇರಿದ್ದರು. ಅಷ್ಟು ಮಂದಿ ಇದ್ದರೂ ಮನೆ ಬಿಕೋ ಎನ್ನುತ್ತಿತ್ತು.

ಅವಳನ್ನು ಜೀವಂತವಾಗಿ ನಾನು ಕೊನೆಗೆ ಕಂಡದ್ದು ಅದಕ್ಕೂ ತಿಂಗಳು ಮೊದಲು, ಗದಗ ಬಸ್ ನಿಲ್ದಾಣದಲ್ಲಿ. ಮತ್ತೆ ಅದೇ ವಿಲ್ಲಾಕ್ಕೆ ಹೊರಟಿದ್ದರು. ಗಣಪತಿಗೆ ತಾನೇ ಫೋನು ಮಾಡಿ ಕೋಣೆ ಹಿಡಿಸಿದ್ದಳು. ನನಗೆ ತಿಳಿದದ್ದು ಹೊರಡುವ ದಿನವೇ. ಓಡಿ ಹೋಗಿ ನೋಡಿದರೆ ಆಗಲೇ ಬಸ್ಸಿನಲ್ಲಿ ಕೂತಿದ್ದಾರೆ. ಅತ್ತೆ ಹೊಸ ಸೀರೆ ಉಟ್ಟು ಕಿಟಕಿಯ ಪಕ್ಕ, ಮಾಮಾ ಅವಳ ಬದಿಗೆ ಕಿವಿಯ ಮಷೀನ್ ಹಾಕಿಕೊಂಡು ಸಿದ್ಧವಾಗಿ.

"ಒಂದ್ ಮಾತು ಹೇಳಬಾರದೇನು ಅತ್ತಿ? ನಾವೂ ಸೂಟಿ ಹಾಕಿ ಬರ್ತಿದ್ವಿ. ಇಬ್ಬರ ಅಷ್ಟು ದೂರ ಹೆಂಗ ಹೋಗ್ತೀರಿ?" ಎಂದೆ.

ಕಂಡಕ್ಟರ್ ಸೀಟಿ ಊದಿದ. ಅತ್ತೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ನಿಲ್ದಾಣದ ಆ ತುದಿಯವರೆಗೂ ಕೇಳುವ ಹಾಗೆ ಹೇಳಿದಳು:

"ನೀವು ಬರಬ್ಯಾಡ್ರಿ. ನಾವಿಬ್ಬರ ಮಾತಾಡೂದು ಬಾಳ ಐತಿ!"