ಕಾಕಾನ ಛರ್ರಾ ಬಂದೂಕು

ಬಂದೂಕಿನ ಹಿಂಬದಿಯ ಸ್ಕ್ರೂ ಸಡಿಲಾಗುತ್ತಿದ್ದಂತೆ ಹಳೆಯ ಕುಸುಬಿ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಡಿಯಿತು. ಬಂದೂಕು ಎಂದ ಕೂಡಲೇ ನೀವು ಗಾಬರಿಯಾಗಬೇಕಿಲ್ಲ. ಇದರಲ್ಲಿ ಮದ್ದಿಲ್ಲ, ಒಂದು ಸ್ಪ್ರಿಂಗು, ಅದು ದೂಡುವ ಗಾಳಿ, ಆ ಗಾಳಿಗೆ ಹಾರುವ ಸೀಸದ ಕಾಳು, ಇಷ್ಟೇ. ಆ ಕಾಳಿಗೆ ನಮ್ಮಲ್ಲಿ ಛರ್ರಾ ಎನ್ನುತ್ತಾರೆ. ತಾಂಡೂರಿನ ನಮ್ಮ ಚಿಕ್ಕಪ್ಪ, ಅಂದರೆ ಕಾಕಾ, ತೀರಿಕೊಂಡ ಮೇಲೆ ಅವರ ಹೆಂಡತಿ ಕಾಕು ಇದನ್ನು ಹಳೆಯ ಧೋತರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಜಹೀರಾಬಾದಿನ ಬಸ್ಸು ಹತ್ತಿಸಿದ್ದಳು. ಅಂದಿನಿಂದ ಅದು ನಮ್ಮ ಅಟ್ಟದ ಮೇಲೆ ನಿದ್ದೆ ಮಾಡುತ್ತಿತ್ತು.

ಎಬ್ಬಿಸಿದವರು ಪಕ್ಕದ ಮನೆಯ ರಾಚಪ್ಪನವರು. "ಸಾಹೇಬ್ರ, ನಿಮ್ಮ ಮನ್ಯಾಗ ಛರ್ರಾ ಬಂದೂಕ ಅದ ಅಂತಲ್ರಿ. ಮಂಗ್ಯಾಗೋಳು ಮಾಳಗಿ ಮ್ಯಾಲಿನ ಶಾವಿಗಿ ಒಂದ್ ಎಳಿನೂ ಬಿಡಲಿಕತ್ತಿಲ್ಲ. ನಾಕ್ ದಿನ ಕೊಡ್ರಿ," ಎಂದರು. ನಮ್ಮ ಕಡೆ ನೆರೆಯವರು ಕೇಳಿದ ವಸ್ತುವಿಗೆ ಇಲ್ಲ ಎನ್ನುವುದಕ್ಕಿಂತ ಅವರ ಕಪಾಳಕ್ಕೆ ಹೊಡೆಯುವುದು ವಾಸಿ. ಕಪಾಳದ ಏಟಾದರೆ ಮುಂದಿನ ಹಬ್ಬದ ಹೊತ್ತಿಗೆ ಮರೆತುಹೋಗುತ್ತದೆ. ಆದರೆ ಕಾಕಾನ ಬಂದೂಕಿನ ದುರ್ಬಲತೆ ನನಗೆ ಗೊತ್ತಿತ್ತು. ಹಾಗೇ ಕೊಟ್ಟರೆ ಮರ್ಯಾದೆ ಹೋಗುವುದು ನನ್ನದು. ಹೈದರಾಬಾದಿನಿಂದ ಹೊಸ, ಬಿರುಸಾದ ಸ್ಪ್ರಿಂಗು ತರಿಸಿದೆ. ಮೊಬೈಲಿನಲ್ಲಿ ನನಗೆ ತಿಳಿಯದ ಭಾಷೆಯ ಮೂರು ವಿಡಿಯೋ ನೋಡಿ, ಹಗಲೆಲ್ಲ ಫೈಲು ತಿರುವುವ ಈ ಕೈಗೆ ಯಂತ್ರವಿದ್ಯೆ ಬಂದೇ ಬಿಟ್ಟಿತೆಂದುಕೊಂಡು ಭಾನುವಾರ ನಟ್ಟು ತಿರುಗಿಸುವ ಪಾನಾ ಹಿಡಿದು ಕೂತೆ.

ಕಾಕಾನಿಗೆ ವಿಡಿಯೋ ಬೇಕಿರಲಿಲ್ಲ. ಅವರು ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ತಾಂಡೂರಿನ ಅರ್ಧ ಊರಿನ ಪಂಪು, ಫ್ಯಾನು, ಹೊಲಿಗೆ ಯಂತ್ರ ಅವರ ಕೈಯಲ್ಲಿ ಬದುಕಿದ್ದವು. ಆ ಹೆಸರಿಗಿಂತ ದೊಡ್ಡ ಆಸ್ತಿ ಅವರಿಗಿರಲಿಲ್ಲ, ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಪ್ರತಿ ದಸರೆಗೆ ಪಾನಾ, ಇಕ್ಕಳಗಳ ಜೊತೆ ಈ ಬಂದೂಕಿಗೂ ವಿಭೂತಿ ಬಳಿದು ಪೂಜೆ. ಅದಕ್ಕೂ ಮೊದಲು ಪಡಸಾಲೆಯ ಫರ್ಸಿಕಲ್ಲಿನ ನೆಲದ ಮೇಲೆ ಅದನ್ನು ಪೂರ್ತಿ ಬಿಚ್ಚಬೇಕು. ಒಳಗಿನ ಸ್ಪ್ರಿಂಗು ಹಾರದಂತೆ ಕಾಕು ಸೆರಗು ಸಿಕ್ಕಿಸಿ, ಬಂದೂಕಿನ ಹಿಂಬದಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿಯಬೇಕು. ಒಮ್ಮೆ ಅವಳಿಗೆ ಸೀನು ಬಂದು ಸ್ಪ್ರಿಂಗು ಹಾರಿ ಜೋಳದ ಚೀಲದೊಳಗೆ ಹೊಕ್ಕಿತ್ತು. ಚೀಲ ಜಾಲಾಡಿಸುವಷ್ಟರಲ್ಲಿ ಪೂಜೆಯ ಹೊತ್ತು ಮೀರಿತ್ತು.

ಒಂದು ವರ್ಷ ಗ್ರೀಸು ಮುಗಿದಿತ್ತು. ಕಾಕಾ ಅಡುಗೆಮನೆಯ ಕುಸುಬಿ ಎಣ್ಣೆಯನ್ನೇ ಧಾರಾಳವಾಗಿ ಒಳಗೆ ಸುರಿದರು. ಭಜಿ ಕರಿಯುವ ಎಣ್ಣೆ ಬಂದೂಕಿನೊಳಗೆ ಏನು ಮಾಡೀತು ಎಂದು ಯಾರು ಯೋಚಿಸುತ್ತಾರೆ ಹೇಳಿ. ಮಾಳಿಗೆ ಹತ್ತಿ ಮಂಗಗಳತ್ತ ಹೊಡೆದಾಗ ಒಳಗಿನ ಗಾಳಿ ಕಾದು ಎಣ್ಣೆ ಹೊತ್ತಿಕೊಂಡಿತು. ದಢಾರ್ ಎಂದು ಸದ್ದು, ನಳಿಗೆಯಿಂದ ಹೊಗೆ, ಮಾಳಿಗೆಯ ತುಂಬ ಮಿರ್ಚಿ ಭಜಿಯ ಪರಿಮಳ. ದಸರೆ ರಜೆಗೆ ಹೋಗಿದ್ದ ನಾನು ಚಪ್ಪಾಳೆ ತಟ್ಟಿದೆ. ಯಾವತ್ತೂ ಹೆದರಿಸುವುದಷ್ಟೇ ಮಾಡುತ್ತಿದ್ದ ಛರ್ರಾ ಅಂದು ಗೋಡೆಯ ಮೇಲಿದ್ದ ಹೆಣ್ಣು ಮಂಗದ ಮುಂಗೈ ಸೀಳಿತ್ತು. ಹೊಟ್ಟೆಗೆ ಮರಿ ಕಟ್ಟಿಕೊಂಡಿದ್ದ ಅದು ಓಡಲಿಲ್ಲ. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ ಕೂತಿತು. ಕಾಕಾ ಕೆಳಗಿಳಿದು ಬಂದು ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತರು. ಆ ದಿನ ಉಣ್ಣಲಿಲ್ಲ.

ಆಮೇಲೆ ಶುರುವಾಯಿತು ನೋಡಿ, ಬಂದೂಕಿನ ಅಧಃಪತನ. ಓಣಿಯವರು ಎಂದಿನಂತೆ ಕೇಳಿ ಒಯ್ಯುವರು, ಮರುದಿನ ಗೊಣಗುತ್ತಾ ತರುವರು: "ಏನ್ರಿ ಫಿಟ್ಟರ್, ಜೋರೇ ಇಲ್ಲ ಇದಕ್ಕ." ಕಾಕಾ ತಲೆ ಕೆರೆದುಕೊಂಡು, "ಇನ್ನೊಂದ್ ಸಲ ಬಿಚ್ಚಿ ನೋಡ್ತೀನ್ರಿ," ಎನ್ನುವರು. ಬಿಚ್ಚಿದಷ್ಟೂ ಅದು ಬಡವಾಯಿತು. ಕೊನೆಕೊನೆಗೆ ಛರ್ರಾ ನಳಿಗೆಯಿಂದ ಇಳಿದು ಹತ್ತು ಹೆಜ್ಜೆಯಾಚೆ ಕೂರುತ್ತಿತ್ತು. ನಾರಾಯಣಖೇಡದಿಂದ ಬಂದ ಬೀಗರ ಮುಂದೆ, "ನಮ್ಮ ಕಾಕಾನ ಬಂದೂಕ ಹೊಡಿಯಂಗಿಲ್ರಿ, ಉಗಳ್ತದ," ಎಂದು ನಗಿಸಿದವನು ನಾನೇ. ಕಾಕಾನೂ ನಕ್ಕರು. ನಿಧಾನಕ್ಕೆ ಜನ ಫ್ಯಾನು ರಿಪೇರಿಗೂ ಬೇರೆಯವರ ಹತ್ತಿರ ಹೋಗತೊಡಗಿದರು.

ಭಾನುವಾರ ಬಂದೂಕಿನೊಳಗಿಂದ ನನ್ನ ಕೈಗೆ ಬಂದ ಹಳೆಯ ಸ್ಪ್ರಿಂಗು ಹೊಸದರ ಪಕ್ಕದಲ್ಲಿಟ್ಟರೆ ಮುಕ್ಕಾಲು ಭಾಗವೂ ಇರಲಿಲ್ಲ. ಸವೆದದ್ದಲ್ಲ, ಕಡಿದದ್ದು. ಕಡಿದ ತುದಿಯನ್ನು ಬಟ್ಟೆಗೂ ಸಿಕ್ಕದಂತೆ ಒಳ್ಳೆಯ ಫಿಟ್ಟರ್ ಒಬ್ಬ ನುಣ್ಣಗೆ ಉಜ್ಜಿದ್ದ. ಕಾಕುಗೆ ಫೋನು ಮಾಡಿದೆ.

"ಕಾಕು, ಇದರ ಸ್ಪ್ರಿಂಗ್ ಕಾಕಾನೇ ಕಡದಾರೇನು?"

"ಮತ್ಯಾರ್ ಕಡೀತಾರಪ್ಪ. ವರ್ಷಕ್ಕ ಒಂದೊಂದ್ ಸುತ್ತು. ಒಮ್ಮಿಗೇ ಕಡದ್ರ ಮಂದಿಗಿ ತಿಳೀತದ ಅಂದ್ರು. ಹಿಡ್ಕೊಂಡಾಕಿ ನಾನೇ ಅಲ್ಲೇನು."

"ಕೊಡಂಗಿಲ್ಲ ಅಂದ್ರ ಆಗ್ತಿತ್ತಲ್ಲ."

"ಓಣ್ಯಾಗಿನವರಿಗಿ ಹ್ಯಾಂಗ್ ಅನ್ನಾದು? ನೀವೆಲ್ಲ ನಗೂ ಮುಂದ ಅವರೂ ನಗ್ತಿದ್ರು. ರಾತ್ರಿ ಮಕ್ಕೊಂಡಾಗ ಮಾತ್ರ, ನನ್ನ ಕೈ ಕೆಟ್ಟಿಲ್ಲ ಹೌದಿಲ್ಲೇ ಅಂತ ಕೇಳ್ತಿದ್ರು."

ನನಗೆ ಬಹಳ ನಾಚಿಕೆಯಾಯಿತು. ಹೊಸ ಸ್ಪ್ರಿಂಗನ್ನು ರಟ್ಟಿನ ಡಬ್ಬಿಗೆ ಮರಳಿಸಿ ಹಳೆಯದನ್ನೇ ಒಳಗೆ ಕೂಡಿಸಿದೆ. ನನ್ನ ಹೆಂಡತಿ ಹಿಂಬದಿ ಒತ್ತಿ ಹಿಡಿದಳು. ಸಂಜೆ ರಾಚಪ್ಪನವರು ಬಂದೂಕು ಒಯ್ದರು. ಮರುದಿನ ಬೆಳಿಗ್ಗೆ ಮಾಳಿಗೆಯಿಂದಲೇ, ಓಣಿಗೆಲ್ಲ ಕೇಳುವಂತೆ, "ಏನ್ ರಿಪೇರಿ ಮಾಡೀರಿ ಸಾಹೇಬ್ರ, ಮಂಗ್ಯಾ ಛರ್ರಾ ಆರಿಸ್ಕೊಂಡು ಮೂಸಿ ನೋಡ್ಲಿಕತ್ತದ," ಎಂದರು. ನಾಲ್ಕು ಮನೆಯವರು ನಕ್ಕರು. ನಾನು ತಲೆ ಕೆರೆದುಕೊಂಡೆ.

"ಕೊಡ್ರಿ, ಇನ್ನೊಂದ್ ಸಲ ಬಿಚ್ಚಿ ನೋಡ್ತೀನಿ," ಎಂದೆ.