ಕ್ಯಾಸೆಟ್ಟಿನೊಳಗಿನ ಕರು

ಕರು ಸಿಕ್ಕಿತು. ಈ ಸಂತೋಷವನ್ನು ಮೊದಲು ಹೇಳಿಬಿಡುತ್ತೇನೆ, ಹೊಟ್ಟೆಯೊಳಗೆ ಇಟ್ಟುಕೊಂಡಿರಲು ಆಗುತ್ತಿಲ್ಲ. ಹೋದ ಭಾನುವಾರ ಸಾಯಂಕಾಲ, ಗುಂಡ್ಲುಪೇಟೆಯ ನನ್ನ ರಿಪೇರಿ ಅಂಗಡಿಯಲ್ಲಿ, ನನ್ನ ಮೊಮ್ಮಗಳು ಚೈತ್ರಳ ಲ್ಯಾಪ್‌ಟಾಪಿನ ಪರದೆಯ ಮೇಲೆ ಕರು ಸಿಕ್ಕಿತು ಎಂಬ ಅಕ್ಷರ ಮೂಡಿತು. ಅದು ಹಟ್ಟಿಯ ಕರುವಲ್ಲ, ಹಳೆಯ ಕಂಪ್ಯೂಟರ್ ಆಟವೊಂದರ ಕರು. ಎಷ್ಟೋ ವರ್ಷ ಒಂದು ಕ್ಯಾಸೆಟ್ಟಿನೊಳಗೆ ಸಿಕ್ಕಿಕೊಂಡಿದ್ದದ್ದು.

ನಾನು ಮಾದೇವಪ್ಪ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿಯಲ್ಲೇ ತಲೆ ಬೆಳ್ಳಗಾಯಿತು. ಈಗ ಬರುವುದೆಲ್ಲ ಮಿಕ್ಸಿ, ಫ್ಯಾನು. ಟೇಪ್ ರೆಕಾರ್ಡರ್ ಹಿಡಿದು ಬರುವವರೇ ಇಲ್ಲ. ಹಾಗಿದ್ದರೂ ನನ್ನ ಕಸುಬಿನಲ್ಲಿ ಮರೆಯಲಾಗದ ಕೆಲಸ ಯಾವುದೆಂದು ಕೇಳಿದರೆ ಈ ಕ್ಯಾಸೆಟ್ಟನ್ನೇ ತೋರಿಸುತ್ತೇನೆ.

ಚೈತ್ರ ಚಾಮರಾಜನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಬಿಡುವಿದ್ದಾಗ ಅವಳೂ ಅವಳ ಗೆಳತಿಯರೂ ಹಳೆಯ ಆಟಗಳ ಸೋರ್ಸ್ ಕೋಡ್ ಹುಡುಕಿ ಕಾಪಾಡುತ್ತಾರೆ. ಹಾಗೆಂದರೇನು ಎಂದು ನಾನು ಕೇಳಿದ್ದಕ್ಕೆ ನನ್ನ ಕಸುಬಿನ ಮಾತಿನಲ್ಲೇ ತಿಳಿಸಿದಳು. ಹಿಂದೆ ರೇಡಿಯೊ ಬಿಚ್ಚಿದರೆ ಹಿಂಬದಿಯ ಮುಚ್ಚಳದೊಳಗೆ ಸರ್ಕ್ಯೂಟ್ ಚಿತ್ರ ಅಂಟಿಸಿರುತ್ತಿತ್ತು. ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ನೋಡಿ ಯಾರು ಬೇಕಾದರೂ ರಿಪೇರಿ ಮಾಡಬಹುದಿತ್ತು. ಆಟಕ್ಕೆ ಸೋರ್ಸ್ ಕೋಡ್ ಎಂದರೆ ಅಂಥ ಚಿತ್ರ. ಅದನ್ನು ಮುಚ್ಚಿಡದೆ, ನೋಡಿ, ಬದಲಾಯಿಸಿ, ಹಂಚಿ ಎಂದು ಬಿಟ್ಟುಕೊಟ್ಟರೆ ಓಪನ್ ಸೋರ್ಸ್. ನನಗೆ ತಕ್ಷಣ ಅರ್ಥವಾಯಿತು.

ಈ ಆಟ ಬರೆದವರು ರುಕ್ಮಿಣಿ ಟೀಚರ್. ಮೈಸೂರಿನವರು, ಚಾಮರಾಜನಗರದ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ಮಕ್ಕಳಿಗೆಂದು ಬರೆದರಂತೆ. ನಮ್ಮ ಪಕ್ಕದ ಹಂಗಳ ಊರಿನ ಆಚೆ ಕಾಡಂಚಿನಲ್ಲಿ ಒಂದು ಕರು ತಪ್ಪಿಸಿಕೊಂಡಿದೆ, ಆನೆ ಬರುವುದರೊಳಗೆ ಹುಡುಕಬೇಕು. ಚಿತ್ರವಿಲ್ಲ, ಬರೀ ಅಕ್ಷರ. ಏನು ಮಾಡಬೇಕೆಂದು ಒಂದೊಂದು ಪದ ಟೈಪ್ ಮಾಡಬೇಕು. ಆ ಯಂತ್ರಕ್ಕೆ ಕನ್ನಡ ಲಿಪಿ ಬರುತ್ತಿರಲಿಲ್ಲ, ಹಾಗಾಗಿ ಕನ್ನಡದ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ. ಪ್ರೋಗ್ರಾಮನ್ನು ಆಗ ಹಾಡಿನ ಕ್ಯಾಸೆಟ್ಟಿನಲ್ಲೇ ಶಬ್ದವಾಗಿ ತುಂಬಿಡುತ್ತಿದ್ದರು. ಶಾಲೆಯ ಕಂಪ್ಯೂಟರ್ ಎಂದೋ ಗುಜರಿಗೆ ಹೋಗಿದೆ. ಉಳಿದಿದ್ದು ಟೀಚರ್ ಬೀರುವಿನಲ್ಲಿದ್ದ ಈ ಒಂದು ಕ್ಯಾಸೆಟ್.

ಕೊಡುವಾಗ ಅವರು ಚೈತ್ರಳಿಗೆ ಹೇಳಿದ್ದು ಇಷ್ಟು: "ಯಾರು ಬೇಕಾದರೂ ತಗೊಳ್ಳಲಿ, ಬದಲಾಯಿಸಲಿ. ಆದರೆ ಮೊದಲು ಇದು ಹೇಗಿತ್ತೋ ಹಾಗೆ ಹೊರಗೆ ಬರಬೇಕಮ್ಮ. ಆ ಮಕ್ಕಳ ಜೊತೆ ಕೂತು ಬರೆದದ್ದು. ಇನ್ನೊಂದು ಪ್ರತಿ ಇಲ್ಲ."

ಭಾನುವಾರ ಬೆಳಿಗ್ಗೆ ಬಸ್ಸಿಳಿದವಳೇ ಚೈತ್ರ ನೇರ ಅಂಗಡಿಗೆ ಬಂದಳು. ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಿದ್ದಳು.

"ತಾತ, ಇದೇನಾದ್ರೂ ಹಾಳಾದ್ರೆ ಟೀಚರ್ ಮುಖ ನೋಡಕ್ಕಾಗಲ್ಲ."

"ಎದುರುಸ್ಬೇಡ ಕಣಮ್ಮಿ. ನನ್ ಕೈ ನಡುಗುದ್ರೆ ನಿನ್ ಟೀಚರು ಬಂದು ಇಡ್ಕೊಂಡಾರಾ?"

ಹಾಗೆಂದು ಕ್ಯಾಸೆಟ್ ಬಿಚ್ಚಿ ಒಳಗೆ ನೋಡಿದೆ. ಟೇಪಿನ ಅಂಚಿಗೆ ಬೆಳ್ಳನೆ ಬೂಷ್ಟು ಹಿಡಿದಿತ್ತು. ಒರೆಸಿ, ಸುರುಳಿಯನ್ನು ಬೇರೆ ಕ್ಯಾಸೆಟ್ಟಿನ ಗೂಡಿಗೆ ಬದಲಾಯಿಸಿ, ನನ್ನ ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದೆ. ಅದರಿಂದ ಲ್ಯಾಪ್‌ಟಾಪಿಗೆ ಒಂದು ತಂತಿ. ಪ್ರೋಗ್ರಾಮನ್ನು ತುಂಡು ತುಂಡಾಗಿ ತುಂಬಿರುತ್ತಾರೆ, ಒಂದೊಂದಕ್ಕೂ ಬ್ಲಾಕ್ ಎಂದು ಹೆಸರು. ಪ್ರತಿ ಬ್ಲಾಕಿನ ಕೊನೆಯಲ್ಲಿ ತಾಳೆ ನೋಡುವ ಸಂಖ್ಯೆ ಇರುತ್ತದೆ. ತಾಳೆಯಾದರೆ ಹಸಿರು, ಇಲ್ಲದಿದ್ದರೆ ಕೆಂಪು ತೋರಿಸುತ್ತದೆ ಎಂದಳು ಚೈತ್ರ.

ಶುರುಮಾಡಿದೆ. ಕಿರ್ರೋ ಎಂದು ಕಿವಿ ಕೊರೆಯುವ ಶಬ್ದ. ಪರದೆಯಲ್ಲಿ ಕೆಂಪು, ಮತ್ತೆ ಕೆಂಪು. ನಿಲ್ಲಿಸಿ ಹೆಡ್ ನೋಡಿದೆ. ಹೆಡ್ ಎಂದರೆ ಟೇಪನ್ನು ಓದುವ ಚಿಕ್ಕ ಲೋಹದ ತುಂಡು. ಅದರ ಮೇಲೆಲ್ಲ ಕಂದು ಪುಡಿ.

"ಉದುರ್ತಾ ಐತೆ," ಎಂದೆ.

"ಏನು ತಾತ?"

"ನಿನ್ ಆಟ."

ಆ ಪುಡಿಯಲ್ಲೇ ಪ್ರೋಗ್ರಾಮು ಇರುವುದು. ಓಡಿಸಿದಷ್ಟೂ ಸವೆಯುತ್ತದೆ. ಹಾಗೆಂದು ಓಡಿಸದೆ ಓದುವ ದಾರಿಯೂ ಇಲ್ಲ. ಚೈತ್ರ ಉಗುರು ಕಚ್ಚುತ್ತಾ ನಿಂತಳು. ನಾನು ಸ್ಪಿರಿಟ್ಟಿನಲ್ಲಿ ಹೆಡ್ ಒರೆಸುತ್ತಾ ಯೋಚಿಸಿದೆ. ನನ್ನ ಹೆಡ್ ನೂಲು ಹಿಡಿದಷ್ಟು ನೆಟ್ಟಗಿದೆ. ಜೀವಮಾನವೆಲ್ಲ ಸೊಟ್ಟ ಹೆಡ್ ನೆಟ್ಟಗೆ ಮಾಡಿದ್ದೇ ನನ್ನ ಕೆಲಸ. ಆದರೆ ಆ ಶಾಲೆಯ ಟೇಪ್ ರೆಕಾರ್ಡರ್ ಸೊಟ್ಟಗಿದ್ದಿದ್ದರೆ? ಸೊಟ್ಟಗೆ ತುಂಬಿದ್ದನ್ನು ಸೊಟ್ಟಗೇ ಓದಬೇಕು.

ಎರಡನೆಯ ಸಲ ಓಡಿಸುತ್ತಲೇ ಹೆಡ್ಡಿನ ಪಕ್ಕದ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದೆ. ಹಾಡಾಗಿದ್ದರೆ ಇಂಪಾಗುವ ಕಡೆಗೆ ಕೈ ತಾನಾಗಿ ಹೋಗುತ್ತಿತ್ತು. ಇಲ್ಲಿ ಶಬ್ದ ಗರಗಸದ ಹಾಗೆ ಹರಿತವಾಗುವ ತನಕ ತಿರುಗಿಸಬೇಕಾಯಿತು. ಹಸಿರು ಬಂತು. ಟೇಪನ್ನು ಶುರುವಿನ ತನಕ ಹಿಂದಕ್ಕೆ ಸುತ್ತಿ ಅಲ್ಲಿಂದಲೇ ಬಿಟ್ಟೆ. ಹಸಿರು, ಹಸಿರು. ನಡುವೆ ಕೀಚ್ ಎಂದಿತು. ಟೇಪು ರಬ್ಬರ್ ಚಕ್ರಕ್ಕೆ ಸುತ್ತಿಕೊಳ್ಳುತ್ತಿತ್ತು. ಬೆರಳಲ್ಲಿ ಚಕ್ರ ಎತ್ತಿ ಹಿಡಿದೆ, ಬಿಡಿಸಿದೆ, ಮುಂದಕ್ಕೆ ಬಿಟ್ಟೆ. ಉಳಿದದ್ದೆಲ್ಲ ಹಸಿರಾಗಿ ಬಂತು. ಟೇಪು ಸಿಕ್ಕಿಕೊಂಡ ಕಡೆಯ ಒಂದು ಬ್ಲಾಕ್ ಮಾತ್ರ ಕೆಂಪಾಗಿ ಉಳಿಯಿತು. ಮಕ್ಕಳು ಟೈಪ್ ಮಾಡಬಹುದಾದ ಪದಗಳೆಲ್ಲ ಇದ್ದದ್ದು ಅದರಲ್ಲೇ.

ಚೈತ್ರ ಓದಿ ನೋಡಿದಳು. "ತಾತ, ಎಲ್ಲಾ ಪದದಲ್ಲೂ ಎಚ್ ಬಿದ್ದೋಗಿದೆ. ಓ, ಜಿ, ಯು. ಹೋಗು ಅಂತ ಇರ್ಬೇಕಿತ್ತು. ಹುಡುಕು, ಹಿಡಿ, ಹತ್ತು, ಎಲ್ಲದರಲ್ಲೂ ಎಚ್ ಇಲ್ಲ. ಪರವಾಗಿಲ್ಲ, ನಾನೇ ಸೇರಿಸಿ ಸರಿ ಮಾಡ್ಬುಡ್ತೀನಿ. ಇನ್ನೊಂದ್ ಸಲ ಓಡ್ಸೋದ್ ಬೇಡ, ಕಿತ್ತೋಗುತ್ತೆ."

ನನಗೂ ಸದ್ಯ ಬದುಕಿಕೊಂಡೆವು ಎನ್ನಿಸಿತು. ಸ್ಕ್ರೂಡ್ರೈವರ್ ಕೆಳಗಿಟ್ಟೆ. ಆದರೆ ಕಿವಿಯಲ್ಲಿ ಏನೋ ಉಳಿದುಕೊಂಡಿತ್ತು.

"ಅಲ್ಲಿ ಎಂಗೈತೋ ಅಂಗೇ ಓದು ಮಗಾ."

"ಓಗು. ಉಡುಕು. ಇಡಿ. ಅತ್ತು."

ನನಗೆ ನಗು ತಡೆಯಲಾಗಲಿಲ್ಲ. "ನಿಮ್ಮಜ್ಜಿ ಮಾತಾಡ್ದಂಗೈತಲ್ಲ. ಟೇಪು ಕೆಟ್ಟೋದ್ರೆ ಸಿಕ್ಕಿದ್ದೆಲ್ಲ ತಿಂದಾಕ್ತದೆ ಕಣಮ್ಮಿ. ಎಚ್ಚನ್ನೇ ಆರ್ಸಿ ತಿನ್ನಕ್ಕೆ ಅದೇನು ನಮ್ಮೂರೋರ ಬಾಯಾ?"

ಚೈತ್ರ ನಗಲಿಲ್ಲ. "ಟೀಚರ್ ಎಷ್ಟ್ ಸ್ಪಷ್ಟವಾಗಿ ಮಾತಾಡ್ತಾರೆ ಗೊತ್ತಾ? ಅವರು ಓಗು ಅಂತ ಬರೀತಾರಾ?"

ಟೀಚರಿಗೆ ಫೋನ್ ಮಾಡಿದೆವು, ಎತ್ತಲಿಲ್ಲ. ಚೈತ್ರ ಪರದೆಯನ್ನೂ ಟೇಪನ್ನೂ ನೋಡುತ್ತಾ ಕೂತಳು. ಎಚ್ ಸೇರಿಸಿದರೆ ಟೇಪು ಉಳಿಯುತ್ತದೆ, ಆಟ ಮೊದಲು ಹಾಗೇ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಓಡಿಸಿದರೆ ಟೇಪೂ ಹೋಗಿ, ನಿಜವೂ ತಿಳಿಯದೆ ಹೋಗಬಹುದು. ತೀರ್ಮಾನ ಅವಳಿಗೇ ಬಿಟ್ಟೆ. ಮಾತು ಕೊಟ್ಟು ತಂದವಳು ಅವಳು.

"ಹೇಗಿತ್ತೋ ಹಾಗೆ ಅಂದಿದ್ದಾರೆ," ಎಂದಳು ಕೊನೆಗೆ. "ಓಡ್ಸು ತಾತ."

ಮತ್ತೊಂದು ಸಲ. ಆ ಜಾಗಕ್ಕೆ ಸ್ವಲ್ಪ ಹಿಂದೆ ತಂದು, ಸುರುಳಿಗೆ ಭಾರ ಬೀಳದಂತೆ ಬೆರಳು ಆನಿಸಿ ಬಿಟ್ಟೆ. ರಸ್ತೆಯಲ್ಲಿ ಈರುಳ್ಳಿ ಲಾರಿಯೊಂದು ಹಾರ್ನ್ ಹೊಡೆದರೆ ಅದರ ಮೇಲೂ ಸಿಟ್ಟು ಬಂತು. ಬ್ಲಾಕ್ ಹಾದುಹೋಯಿತು. ಮರುಕ್ಷಣವೇ ಟಪ್ ಎಂದು ಟೇಪು ಕಿತ್ತುಹೋಯಿತು.

"ಹಸಿರು," ಎಂದಳು ಚೈತ್ರ, ಸಣ್ಣ ದನಿಯಲ್ಲಿ. "ತಾಳೆ ಆಗಿದೆ ತಾತ. ಎಚ್ ಇಲ್ಲ. ಮೊದಲಿಂದಲೂ ಇರಲೇ ಇಲ್ಲ."

ಕಿತ್ತ ತುದಿಗಳನ್ನು ಓರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದೆ. ಆಗ ಟೀಚರೇ ಫೋನ್ ಮಾಡಿದರು. ವಿಷಯ ಕೇಳಿ ಅವರು ಹೀಗೆಂದರು.

"ಮೊದಲು ನಾನು ಹೋಗು ಅಂತಲೇ ಬರೆದಿದ್ದೆ. ಹಳ್ಳಿ ಮಕ್ಕಳು ಓಗು ಅಂತ ಹೊಡೆಯೋರು, ಆಟ ನಿಂತುಬಿಡೋದು. ತಮಗೆ ಕಂಪ್ಯೂಟರ್ ಬರೋದಿಲ್ಲ ಅಂದುಕೊಂಡು ಎದ್ದು ಹೋಗೋರು. ನಾನು ಮಕ್ಕಳನ್ನು ತಿದ್ದಲಿಲ್ಲಮ್ಮ, ಆಟವನ್ನು ತಿದ್ದಿದೆ."

ಚೈತ್ರ ಆಟ ಓಡಿಸಿ ಲ್ಯಾಪ್‌ಟಾಪನ್ನು ನನ್ನ ಮುಂದೆ ತಳ್ಳಿದಳು. ಒಂದು ಬೆರಳಲ್ಲಿ ಹುಡುಕಿ ಹುಡುಕಿ ಓ, ಜಿ, ಯು ಒತ್ತಿದೆ. ಕಾಡೊಳಗೆ ದಾರಿ ಬಿಟ್ಟಿತು. ನಾಲ್ಕನೇ ಕ್ಲಾಸಿನ ನನ್ನ ಮಾತನ್ನು ಒಂದು ಕಂಪ್ಯೂಟರ್ ತಿರುಗಿ ಕೇಳದೆ ಒಪ್ಪಿಕೊಂಡಿತು. ಮರ ಅತ್ತಿ, ಉಡುಕಿ, ಇಡಿದು, ಕೊನೆಗೂ ಕರು ಸಿಕ್ಕಿತು. ಆ ಕೋಡನ್ನು ಈಗ ಯಾರು ಬೇಕಾದರೂ ನೋಡುವಂತೆ ಚೈತ್ರ ಇಂಟರ್‌ನೆಟ್ಟಿಗೆ ಏರಿಸಿದ್ದಾಳೆ, ಒಂದಕ್ಷರ ಕೂಡಿಸದೆ.

ನೆಟ್ಟಗೆ ಮಾಡುವುದೊಂದೇ ರಿಪೇರಿ ಎಂದು ಇಷ್ಟು ವರ್ಷ ತಿಳಿದಿದ್ದೆ. ಎದುರಿನದು ಹೇಗಿದೆಯೋ ಅದಕ್ಕೆ ತಕ್ಕಂತೆ ನಮ್ಮ ಹೆಡ್ ವಾಲಿಸಿಕೊಳ್ಳುವುದೂ ರಿಪೇರಿಯೇ ಎಂದು ಈ ಕ್ಯಾಸೆಟ್ ಕಲಿಸಿತು.

ಮನೆಗೆ ಬಂದು ಕರು ಸಿಕ್ತು ಎಂದರೆ ನನ್ನ ಹೆಂಡತಿ ಪುಟ್ಟಮ್ಮ, "ಕಟ್ಟಾಕಕ್ಕೆ ಜಾಗ ಎಲ್ಲೈತೆ? ಮೊದ್ಲು ಕೈ ತೊಳ್ಕೋ ಓಗು," ಎಂದಳು. ಚೈತ್ರ ನಕ್ಕು ನಕ್ಕು ಗೋಡೆಗೆ ಒರಗಿದಳು. ಯಾಕೆಂದು ತಿಳಿಯದೆ ಮಗ, ಸೊಸೆಯೂ ನಕ್ಕರು. ಎಲ್ಲರೂ ಸುತ್ತ ಕೂತೆವು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಪುಟ್ಟಮ್ಮ ಕೇಳದೆಯೇ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ನಾನು ಬೇಡ ಎನ್ನಲಿಲ್ಲ.