‘ಅಕ್ಕ್, ಕಾಂಬ’ ಎಂದು ಇಬ್ಬರಿಗೂ ಹೇಳಿದೆ

೨೦೦೮ರಲ್ಲಿ ಹಂಗಾರಕಟ್ಟೆಯಲ್ಲಿ ನಮ್ಮದು ಮರದ ದೋಣಿ ಕಟ್ಟುವ ಸಣ್ಣ ಉದ್ಯೋಗ. ಕಟ್ಟುವವರು ನಿಮ್ಮ ಅಜ್ಜ, ನನ್ನ ಯಜಮಾನರು. ಬಂದ ಕಾಗದಕ್ಕೆ ಉತ್ತರ ಬರೆಯುವವಳು ನಾನು. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದ ನನಗೆ ಕಾಗದದ ಮೇಲಿದ್ದ ಧೈರ್ಯ ಬಾಯಲ್ಲಿರಲಿಲ್ಲ.

ಮೀನುಗಾರರು ಆಗಲೇ ಫೈಬರ್ ದೋಣಿಗೆ ಹೊರಳಿದ್ದರು. ರೆಸಾರ್ಟಿನವರಿಗಾದರೂ ಮರದ್ದು ಬೇಕಾದೀತು, ಒಂದು ವೆಬ್‌ಸೈಟ್ ಮಾಡಿಸಿ ಎಂದು ಪರಿಚಯದವರು ಹೇಳಿದರು. ಕಂಪ್ಯೂಟರಿನೊಳಗಿನ ಅಂಗಡಿ ಅದು ಎಂದು ನಾನು ತಿಳಿದುಕೊಂಡೆ. ಅಜ್ಜನಿಗೆ ಶ್ವಾಸಕೋಶದ ಕಾಯಿಲೆ ಬಲಿತಿತ್ತು. “ನಾ ಕಟ್ದ್ ದೋಣಿ ಅದ್ರಗೆ ಒಂದ್ಸಲ ಕಾಣ್ಕ್ ಮಾರಾಯ್ತಿ” ಎಂದರು. ಅವರು ನೋಡಬೇಕೆಂದು ಆಸೆಪಟ್ಟು ಕೇಳಿದ್ದು ಅದೊಂದೇ.

ವೆಬ್‌ಸೈಟ್ ಮಾಡಿಕೊಡಲು ಮೊದಲು ಬಂದವಳು ಬ್ರಹ್ಮಾವರದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ಸುಜಾತ. ನನ್ನ ಹತ್ತಿರ ಹೆಚ್ಚು ಮಾತಾಡದೆ ಸೀದಾ ಅಜ್ಜನ ಬಳಿ ಕುಳಿತಳು.

“ಅಣ್ಣಯ್ಯ, ಇಷ್ಟ್ ದಪ್ಪ ಹಲ್ಗೆ ಹ್ಯಾಂಗೆ ಬಗ್ಸುದ್?”

“ಬಿಸಿ ಮಾಡಿ, ನಿಧಾನಕ್ಕೆ. ಮದಿ ಮಾತುಕತೆ ಕಂಡಂಗೆ. ಅವಸ್ರ ಮಾಡ್ರೆ ಮುರೀತ್ತ್!”

ಮದುವೆ ಮಾತುಕತೆಯ ಹೋಲಿಕೆ ಕೊಟ್ಟು, ಕೆಮ್ಮಿನ ನಡುವೆಯೂ ಅಜ್ಜ ನಕ್ಕರು. ಕೆಲಸ ಇವಳಿಗೇ ಎಂದು ನನ್ನ ಮನಸ್ಸು ಹೇಳಿತು. ಆದರೆ ಮೊದಲ ಭೇಟಿಯಲ್ಲೇ ಒಪ್ಪಿಕೊಳ್ಳಲು ಸಂಕೋಚ. ಮೈದುನನನ್ನೂ ಒಂದು ಮಾತು ಕೇಳಬೇಕಿತ್ತು. “ಅಕ್ಕ್, ಕಾಂಬ” ಎಂದೆ. ಆಗಬಹುದು, ನೋಡೋಣ ಎಂದು.

ಮರುವಾರ ಮೈದುನನೇ ಹೊರ ಊರಿನ ವಿಕ್ರಮ್ ಎಂಬವರನ್ನು ಕಳಿಸಿದ. ಅವರು ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ಪುಟ ತೋರಿಸಿದರು. ದೋಣಿ ಕಟ್ಟುವ ಶೆಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಮನಸ್ಸಾಗಲಿಲ್ಲ. ಆದರೆ ಮನೆಗೆ ಬಂದು ಬೆಲ್ಲ ನೀರು ಕುಡಿದವರಿಗೆ ಮುಖದ ಮೇಲೆ ಬೇಡ ಎನ್ನುವುದು ಹೇಗೆ? ಅವರಿಗೂ “ಅಕ್ಕ್, ಕಾಂಬ” ಎಂದೆ. ನಮ್ಮ ಕಡೆ ನಯವಾಗಿ ಬೇಡ ಎನ್ನುವುದೂ ಹಾಗೆಯೇ.

ನಮ್ಮ ಕಡೆಯವಳೇ ಆದ ಸುಜಾತ ನನ್ನ ಮಾತನ್ನು ಬೇಡ ಎಂದು ತಿಳಿದು ಸುಮ್ಮನಾದಳು. ಹೊರಗಿನವರಾದ ವಿಕ್ರಮ್ ಒಪ್ಪಿಗೆ ಎಂದು ತಿಳಿದು ಕೆಲಸ ಶುರುಮಾಡಿದರು.

ತಿಂಗಳೊಳಗೆ ವೆಬ್‌ಸೈಟ್ ಸಿದ್ಧ ಎಂದು ಲ್ಯಾಪ್‌ಟಾಪ್ ಹಿಡಿದು ಬಂದೇಬಿಟ್ಟರು. ಅಷ್ಟರಲ್ಲಿ ಅಜ್ಜ ಹಾಸಿಗೆ ಹಿಡಿದಿದ್ದರು. ದಿಂಬಿಗೆ ಒರಗಿಸಿ ಕೂರಿಸಿದೆ. ಪರದೆಯ ಮೇಲೆ ಯಾವುದೋ ದೇಶದ ನೀಲಿ ಸಮುದ್ರ, ಬಿಳಿ ಫೈಬರ್ ದೋಣಿ. ಅಜ್ಜ ಬಹಳ ಹೊತ್ತು ನೋಡಿದರು.

“ಚಂದ ಇತ್ತ್. ಇದ್ ಯಾರ್ ಕಟ್ಟಿದ್ದ್?”

“ಸ್ಯಾಂಪಲ್ ಫೋಟೋ ಸರ್. ಓಕೆ ಅಲ್ವಾ?” ಎಂದರು ವಿಕ್ರಮ್.

ಅಜ್ಜ ನನ್ನ ಮುಖ ನೋಡಿ, ಮೆಲ್ಲಗೆ “ಅಕ್ಕ್, ಕಾಂಬ” ಎಂದರು.

ವಿಕ್ರಮ್ ಸಂತೋಷದಿಂದ ಕೈಮುಗಿದರು. ಅರ್ಥವಾದದ್ದು ನನಗೊಬ್ಬಳಿಗೆ.

ಅವರ ಜೊತೆ ಅಂಗಳದವರೆಗೆ ಹೋಗಿ, ಅಲ್ಲೇ “ಇದು ನಮಗೆ ಬೇಡ” ಎಂದೆ. ಹೊರಗಿನವರ ಮುಖದ ಮೇಲೆ ನಾನು ‘ಬೇಡ’ ಎಂದದ್ದು ಅದೇ ಮೊದಲು. ಮರುದಿನ ಬಸ್ಸು ಹಿಡಿದು ಬ್ರಹ್ಮಾವರಕ್ಕೆ ಹೋದೆ.

“ನೀವ್ ಕಾಂಬ ಅಂದ್ರಿಯಲೆ ಅಕ್ಕ, ನಾ ಬ್ಯಾಡ ಅಂತ್ಲೇ ತಿಳ್ಕಂಡೆ” ಎಂದಳು ಸುಜಾತ. ಭಾನುವಾರ ಕ್ಯಾಮೆರಾ ತರುತ್ತೇನೆಂದಳು. ಶುಕ್ರವಾರ ಅಜ್ಜ ತೀರಿಕೊಂಡರು.

ಹದಿನಾರು ದಿನ ಕಳೆದ ಮೇಲೆ ಅವಳು ಬಂದಳು. ಶೆಡ್ಡಿನಲ್ಲಿ ಅರ್ಧ ಕಟ್ಟಿದ ದೋಣಿಯೊಂದಿತ್ತು. ಅದರ ಫೋಟೋ ತೆಗೆದು, ಕೆಳಗೆ ಅಜ್ಜನ ಹೆಸರು ಹಾಕಿದಳು. ಆರ್ಡರು ಬಂದರೂ ಕಟ್ಟಿಕೊಡಲು ಯಾರೂ ಇಲ್ಲದ ಅಂಗಡಿ ಅದು, ಆದರೂ ಮಾಡಿಸಿದೆ.

ಮಕ್ಕಳೇ, ಕೆಲಸಕ್ಕೆ ಜನ ಹುಡುಕುವಾಗ ಅವರು ತೋರಿಸುವುದಕ್ಕಿಂತ ಮೊದಲು ಏನು ಕೇಳುತ್ತಾರೆ ನೋಡಿ. ಸರಿಯಾದವರು ಸಿಕ್ಕಿದರೆ ಆ ಹೊತ್ತೇ ಬೇಕು ಎಂದುಬಿಡಿ. ನಾನು ಅಂದು ಸುಜಾತಳಿಗೆ ಆ ಒಂದು ಮಾತು ಹೇಳಿದ್ದರೆ, ಅಜ್ಜ ತಮ್ಮ ದೋಣಿಯನ್ನು ನೋಡಿಕೊಂಡು ಹೋಗುತ್ತಿದ್ದರು.